ಭಾಯಿಜಾನರ ಕೊರಳು

ಕಳೆದ ರಂಜಾನಿನಲ್ಲಿ ಇಫ್ತಾರಿನ ಹೊತ್ತಿಗೆ ಭಾಯಿಜಾನ್ ದಸ್ತರ್‌ಖಾನ್ ಬಿಟ್ಟು ಒಳಕೋಣೆಯಲ್ಲಿ ಒಬ್ಬರೇ ಕೂರತೊಡಗಿದರು. ಖರ್ಜೂರ ಗಂಟಲಲ್ಲೇ ನಿಲ್ಲುತ್ತಿತ್ತು, ನೀರು ಕುಡಿದರೆ ಕೆಮ್ಮು. ಎಲ್ಲರೆದುರು ಕೆಮ್ಮಲು ಸಂಕೋಚ. ನಾವು ವಯಸ್ಸೆಂದೆವು, ಗ್ಯಾಸೆಂದೆವು. ಅಮ್ಮಿ ನಜರ್ ಎಂದು ಮೆಣಸಿನಕಾಯಿ ಸುಟ್ಟರು. ಡಾಕ್ಟರು ಬರೆದುಕೊಟ್ಟದ್ದೂ ಗ್ಯಾಸಿನ ಮಾತ್ರೆಯನ್ನೇ. ನಾಲ್ಕು ತಿಂಗಳಲ್ಲಿ ಟೈಲರ್ ಭಾಯಿಜಾನ್ ತಮ್ಮ ಅಂಗಿಗಳನ್ನೇ ಎರಡು ಸಲ ಬಿಗಿ ಮಾಡಿ ಹೊಲಿದುಕೊಂಡರು.

ಅವರ ಕೊರಳ ಮುಂಭಾಗದಲ್ಲಿ ಒಂದು ತೆಳು ಗೆರೆಯಿದೆ. ಮೂವತ್ತು ವರ್ಷ ಮಶೀನಿನ ಮೇಲೆ ಬಗ್ಗಿದ ಕತ್ತಿನಲ್ಲಿ ಡಿಸ್ಕ್ ಜಾರಿ, ಬಲಗೈ ಕತ್ತರಿ ಹಿಡಿಯದಂತಾದಾಗ ಐದು ವರ್ಷದ ಹಿಂದೆ ಆಪರೇಶನ್ ಆಗಿತ್ತು. ಕೈ ಸರಿಹೋಯಿತು, ಮರೆತೆವು. ಗ್ಯಾಸಿನ ಡಾಕ್ಟರ ಮುಂದೆ ಕೈಯ ಕತೆ ಯಾರು ಹೇಳುತ್ತಾರೆ?

ಕತ್ತು ಊದಿ ಜ್ವರ ಬಂದಾಗ ದೊಡ್ಡಾಸ್ಪತ್ರೆಗೆ ಒಯ್ದೆವು. ತರುಣ ವೈದ್ಯೆಯೊಬ್ಬರು ಆ ಗೆರೆಯ ಮೇಲೆ ಬೆರಳಿಟ್ಟು, "ಯಜಮಾನ್ರೇ, ಇದು ಯಾವಾಗಿಂದು?" ಎಂದರು. ಸ್ಕ್ಯಾನ್, ಎಂಡೋಸ್ಕೋಪಿ ಮುಗಿದ ಮೇಲೆ ಚಿತ್ರ ಬರೆದು ತಿಳಿಸಿದರು. ಕತ್ತಿನ ಮುಂದಿನಿಂದ ಬೆನ್ನುಮೂಳೆ ತಲುಪಲು ಶ್ವಾಸನಾಳ, ಅನ್ನನಾಳಗಳನ್ನು ಪಕ್ಕಕ್ಕೆ ಸರಿಸುತ್ತಾರೆ. 1950ರ ದಶಕದಿಂದ ಬಂದ ದಾರಿ ಇದು. ಎಷ್ಟೋ ಜನರ ಕೈಕಾಲು ಉಳಿಸಿದೆ. ಮೂಳೆಗಳು ಬೆಸೆಯಲೆಂದು ಲೋಹದ ಪಟ್ಟಿ, ಸ್ಕ್ರೂ ಹಾಕುತ್ತಾರೆ. ಅನ್ನನಾಳ ಅದಕ್ಕೆ ಒರಗಿಕೊಂಡೇ ಇರುತ್ತದೆ. ಅಪರೂಪಕ್ಕೆ ಸ್ಕ್ರೂ ಸಡಿಲವಾದರೆ, ಪಟ್ಟಿ ಉಜ್ಜುತ್ತಿದ್ದರೆ, ವರ್ಷಗಳ ಮೇಲೂ ನಾಳ ಸವೆದು ತೂತಾಗುತ್ತದೆ. ನುಂಗಿದ್ದು ಹೊರಗೆ ಸೋರಿ ಕೀವಾಗುತ್ತದೆ. ಸೋಂಕು ಎದೆಗಿಳಿದರೆ ಜೀವಕ್ಕೇ ಅಪಾಯ.

ಮೂಳೆಗಳು ಕೂಡಿಕೊಂಡಿದ್ದರಿಂದ ಪಟ್ಟಿ ತೆಗೆದುಬಿಟ್ಟರು. ತೂತು ಹೊಲಿದು, ಕತ್ತಿನದೇ ಸ್ನಾಯುವೊಂದನ್ನು ತಿರುಗಿಸಿ ಮೇಲೆ ಹೊದಿಸಿದರು. ನಾನು ವಿವರಿಸಿದಾಗ, "ಅಸ್ತರ್ ಕೊಟ್ರು ಅನ್ನು" ಎಂದರು ಭಾಯಿಜಾನ್. ಆರು ವಾರ ಮೂಗಿನ ನಳಿಕೆಯಲ್ಲೇ ಆಹಾರ.

ಆ ದಿನಗಳಲ್ಲೊಮ್ಮೆ ಅವರ ಟ್ರಂಕಿನಲ್ಲಿ ಹಳೆಯ ಕಾಗದ ಹುಡುಕಿದೆ. ಡಿಸ್ಚಾರ್ಜ್ ಹಾಳೆಯಲ್ಲಿ ನುಂಗಲು ಕಷ್ಟವಾದರೆ ಕೂಡಲೇ ಬರಬೇಕೆಂದು ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ. ಏಳನೆಯ ತರಗತಿವರೆಗೆ ಉರ್ದು ಓದಿದ ಭಾಯಿಜಾನ್ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದರು. ಓದಿ ಹೇಳಬೇಕಿದ್ದವನು ನಾನು. ಅಂದು ಆಟೋ ಕರೆಯುವ ಗಡಿಬಿಡಿಯಲ್ಲಿದ್ದೆ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ಈ ರಂಜಾನಿನಲ್ಲಿ ಅವರು ದಸ್ತರ್‌ಖಾನಿಗೆ ಮರಳಿದರು. ಭಾಭಿ ಖರ್ಜೂರವನ್ನು ಹಾಲಿನಲ್ಲಿ ನೆನೆಸಿಟ್ಟಿದ್ದರು. ಅಜಾನ್ ಆಯಿತು, ಯಾರ ಕೈಯೂ ಬಾಯಿಗೆ ಹೋಗಲಿಲ್ಲ.

"ನನ್ನ ಕೊರಳೇನು ನೋಡ್ತೀರಿ, ರೋಜಾ ಬಿಡಿ" ಎಂದು ಗದರಿದರು.