ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಅಪ್ಪನ ಕಾಯಿಲೆಯ ಹೆಸರು ಎಎಲ್ ಅಮೈಲಾಯ್ಡೋಸಿಸ್. ಹಾಸ್ಟೆಲ್ಲಲ್ಲಿ ಯಾರಾದ್ರೂ ಕೇಳಿದ್ರೆ "ಕಿಡ್ನಿ ಪ್ರಾಬ್ಲಂ" ಅಂತ ಹೇಳಿ ಮುಗಿಸ್ತೀನಿ. ನಿಜವಾಗಿ ತೊಂದರೆ ಶುರುವಾಗೋದು ಮೂಳೆಯ ಮಜ್ಜೆಯಲ್ಲಿ. ಅಲ್ಲಿನ ಒಂದಷ್ಟು ಪ್ಲಾಸ್ಮಾ ಕೋಶಗಳು ಲೈಟ್ ಚೈನ್ ಅನ್ನೋ ಪ್ರೋಟೀನನ್ನು ಬೇಕಾಬಿಟ್ಟಿ ತಯಾರಿಸುತ್ತವೆ. ಅದು ಸರಿಯಾಗಿ ಮಡಚಿಕೊಳ್ಳದೆ, ನಾರಿನಂತಾಗಿ ಕಿಡ್ನಿಯಲ್ಲಿ ಹೋಗಿ ಕೂರುತ್ತದೆ. ಜರಡಿ ಕೆಟ್ಟು, ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ನಮಗೆ ಮೊದಲು ಕಂಡಿದ್ದು ನೊರೆ, ಕಾಲಿನ ಊತ ಅಷ್ಟೇ.

ಔಷಧಿ ಕೆಲಸ ಮಾಡೋದೂ ಮಜ್ಜೆಯ ಮೇಲೆಯೇ. ಎರಡನೇ ತಿಂಗಳಿಗೇ ರಕ್ತದ ಲೈಟ್ ಚೈನ್ ನಾರ್ಮಲ್‌ಗೆ ಬಂತು. ಮೂತ್ರದ ಪ್ರೋಟೀನ್ ಮಾತ್ರ ಕದಲಲಿಲ್ಲ: ದಿನಕ್ಕೆ 6.2 ಗ್ರಾಂ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 0.15 ಗ್ರಾಂ ದಾಟಲ್ಲ. ಔಷಧಿ ಹೊಸ ಕಸ ಬೀಳೋದನ್ನು ನಿಲ್ಲಿಸುತ್ತೆ, ಹಳೆಯದನ್ನು ಗುಡಿಸಲ್ಲ. ಅದನ್ನು ದೇಹವೇ ನಿಧಾನಕ್ಕೆ ತೆಗೀಬೇಕು, ತಿಂಗಳುಗಟ್ಟಲೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ತಡ ಹೊಸದಲ್ಲ. ಆದ್ರೆ ಅಪ್ಪನಿಗೆ ಬೇಕಿದ್ದ ಉತ್ತರ ಒಂದೇ, ಡಯಾಲಿಸಿಸ್ ಬರುತ್ತಾ ಇಲ್ವಾ.

ಅದಕ್ಕೇ ಈ ಐದು ಲೀಟರ್ ಕ್ಯಾನು. ಬೆಳಿಗ್ಗೆಯ ಮೊದಲ ಮೂತ್ರ ಚೆಲ್ಲಿ, ಟೈಮ್ ಬರೆದುಕೊಂಡು, ಆಮೇಲಿನದೆಲ್ಲ ಕ್ಯಾನಿಗೆ. ಮರುದಿನ ಬೆಳಗಿನ ಮೊದಲನೆಯದೂ ಅದರಲ್ಲೇ. ಒಂದು ಸಲ ತಪ್ಪಿದರೂ ಪ್ರೋಟೀನ್ ಕಡಿಮೆ ಬಂದು ಸುಳ್ಳು ಸಂತೋಷ. ಅದನ್ನು ಹಿಡಿಯೋಕೆ ಲ್ಯಾಬಿನವರು ಅದೇ ಮೂತ್ರದ ಕ್ರಿಯಾಟಿನಿನ್ ಕೂಡ ಅಳೆಯುತ್ತಾರೆ. ಒಬ್ಬ ಮನುಷ್ಯನಿಂದ ಅದು ದಿನಕ್ಕೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹೊರಗೆ ಹೋಗುತ್ತೆ, ಕಡಿಮೆ ಬಂದ್ರೆ ಕ್ಯಾನು ತುಂಬಿಸಿದವರ ಮೇಲೆ ಅನುಮಾನ. ಅಪ್ಪ ಆವತ್ತು ನೆಂಟರ ಗೃಹಪ್ರವೇಶಕ್ಕೂ ಹೋಗಲಿಲ್ಲ.

ಆರನೇ ತಿಂಗಳಲ್ಲಿ 4.1 ಬಂತು. "ಇನ್ನೂ ನಾಲ್ಕು ಗ್ರಾಂ ಹೋಗ್ತಿದೆಯಲ್ಲೋ" ಅಂದ್ಲು ಅಮ್ಮ. ಡಾಕ್ಟರ್ ಮುಖದಲ್ಲಿ ಮಾತ್ರ ನಗು. ಇಟಲಿಯ ಪಾವಿಯಾ, ಜರ್ಮನಿಯ ಹೈಡೆಲ್‌ಬರ್ಗ್‌ನ ರೋಗಿಗಳಲ್ಲಿ ಯಾರು ಡಯಾಲಿಸಿಸ್‌ಗೆ ಹೋದರು, ಯಾರು ಹೋಗಲಿಲ್ಲ ಅಂತ ನೋಡಿ 2014ರಲ್ಲಿ ಒಂದು ಗೆರೆ ಎಳೆದಿದ್ದಾರೆ: ಪ್ರೋಟೀನ್ ಶೇ. 30ರಷ್ಟು ಇಳಿದರೆ, ಅಥವಾ ದಿನಕ್ಕೆ 0.5 ಗ್ರಾಂಗಿಂತ ಕೆಳಗೆ ಬಂದರೆ, ಕಿಡ್ನಿ ಚಿಕಿತ್ಸೆಗೆ ಸ್ಪಂದಿಸಿದೆ ಅಂತ. ಅಪ್ಪನದು ಶೇ. 34 ಇಳಿದಿತ್ತು.

ಆದ್ರೆ ಇಲ್ಲೊಂದು ಷರತ್ತಿದೆ, ನನಗೆ ತುಂಬಾ ಇಷ್ಟವಾದದ್ದೂ ಅದೇ. ಕಿಡ್ನಿ ಸಾಯುತ್ತಾ ಬಂದರೆ ಸೋಸೋದೇ ಕಡಿಮೆ, ಹಾಗಾಗಿ ಸೋರೋದೂ ಕಡಿಮೆ. ಬಾವಿ ಬತ್ತಿದರೆ ತೂತು ಬಿಂದಿಗೆಯೂ ಸೋರಲ್ಲ. ಆದ್ದರಿಂದ ಇಜಿಎಫ್ಆರ್, ಅಂದ್ರೆ ಸೋಸುವ ವೇಗದ ಅಂದಾಜು, ಶೇ. 25 ಅಥವಾ ಹೆಚ್ಚು ಬಿದ್ದಿರಬಾರದು. ಅಪ್ಪನದು 58ರಿಂದ 52ಕ್ಕೆ ಇಳಿದಿತ್ತು, ಶೇ. 10ರಷ್ಟು. ಪಾಸ್.

ಅಷ್ಟಾದರೂ ಡಾಕ್ಟರ್ ಅಪ್ಪನ ತೋಳು ಹಿಡಿದು ನೋಡಿದ್ರು. ಆ ಅಂದಾಜು ಬರೋದು ರಕ್ತದ ಕ್ರಿಯಾಟಿನಿನ್‌ನಿಂದ, ಕ್ರಿಯಾಟಿನಿನ್ ಬರೋದು ಸ್ನಾಯುವಿನಿಂದ. ಮನುಷ್ಯ ಸೊರಗಿದರೆ ಕಾಗದದ ಮೇಲೆ ಕಿಡ್ನಿ ಚೆನ್ನಾಗಿ ಕಾಣುತ್ತೆ. ತೋಳು ನೋಡಿ ಏನೂ ಹೇಳಲಿಲ್ಲ, ಮೊಟ್ಟೆ ತಿನ್ನಿ ಅಂದ್ರು. ಡಯಾಲಿಸಿಸ್ ಬರಲ್ಲ ಅಂತ ಅನ್ನಲಿಲ್ಲ, ಸಾಧ್ಯತೆ ಕಡಿಮೆಯಾಗಿದೆ ಅಂದ್ರು. ಅಪ್ಪ ಅದನ್ನೇ ಎರಡು ಸಲ ಕೇಳಿಸಿಕೊಂಡ್ರು.

ಮುಂದಿನ ಕ್ಯಾನು ಇನ್ನು ಮೂರು ತಿಂಗಳಿಗೆ. ಭಾನುವಾರ ಶುರು ಮಾಡಬೇಕು. ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಕೊಟ್ಟು ನಾನು ಎಂಟೂವರೆ ಬಸ್ಸಿಗೆ ಇಂಟರ್ನಲ್ಸ್‌ಗೆ ಬರಬೇಕು.