ಸ್ವಾರ್ಥಿ ಅನ್ನೋ ಹೆಸರಿನ ಶ್ರೀಗಂಧ

ನಮ್ಮ ಕಡೆ ಗಂಡಸರು ಸೆಂಟು ಹಾಕ್ಕೊಳ್ಳೋದು ಅಂದ್ರೆ ಇವತ್ತಿಗೂ ಒಂಥರಾ ತಮಾಷೆಯ ವಿಷ್ಯ. "ಏನೋ, ಎಲ್ಲಿಗೆ ಸವಾರಿ?" ಅಂತ ಯಾರಾದ್ರೂ ಕೇಳದೇ ಬಿಡೋಲ್ಲ. ಹಾಗೆ ಕೇಳಿಸ್ಕೊಳ್ಳದೇ ಹಾಕ್ಕೋಬಹುದಾದ ಸೆಂಟು ಯಾವ್ದಾದ್ರೂ ಇದ್ರೆ ಅದು ಮರದ ಪರಿಮಳದ್ದು ಅಂತ ನನ್ನ ಅಂಬೋಣ. ಅದ್ರಲ್ಲೂ ಶ್ರೀಗಂಧದ್ದು.

ಎರಡು ವರ್ಷದ ಹಿಂದೆ ಭಾವ ಊರಿಗೆ ಬರುವಾಗ ಒಂದು ಬಾಟಲಿ ತಂದುಕೊಟ್ರು. ಶನೆಲ್ ಕಂಪನಿಯ 'ಎಗೋಯಿಸ್ತ್'. ಜಾಕ್ ಪೋಲ್ಜ್ ಅನ್ನೋರು ಮಾಡಿದ್ದು, 1990ರಲ್ಲಿ ಬಂದಿದ್ದು. ಫ್ರೆಂಚಿನಲ್ಲಿ ಆ ಹೆಸರಿನ ಅರ್ಥ 'ಸ್ವಾರ್ಥಿ'! ಜಾನ್-ಪೋಲ್ ಗೂಡ್ ತೆಗೆದ ಅದರ ಜಾಹೀರಾತಿನಲ್ಲಿ ದೊಡ್ಡ ಹೋಟೆಲೊಂದರ ಕಿಟಕಿ ಬಾಗಿಲುಗಳನ್ನ ದಡಾರ್ ಅಂತ ತೆಗೆದು ಹೆಂಗಸರೆಲ್ಲ "ಎಗೋಯಿಸ್ತ್!" ಅಂತ ಕಿರುಚ್ತಾರೆ. ಇಷ್ಟು ಗಲಾಟೆ ನೋಡಿದ್ಮೇಲೆ ಬಾಟಲಿಯೊಳಗಿರೋದೂ ಕಿರುಚುತ್ತೆ ಅಂದ್ಕೋಬೇಕು. ಊಹೂಂ.

ಹಾಕಿದ ಕೂಡ್ಲೇ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ, ಕೊತ್ತಂಬರಿ ಬೀಜ ಜಜ್ಜಿದ ಹಾಗೆ ಒಂದು ಘಮ. ಸ್ವಲ್ಪ ಹೊತ್ತಿಗೆ ಅದು ಹೋಗಿ ದಾಲ್ಚಿನ್ನಿ, ಗುಲಾಬಿ. ಇದೇನು ಮದುವೆ ಮನೆ ಊಟದ ಹಾಲಾ ಅನ್ನೋವಷ್ಟರಲ್ಲಿ ಅವೂ ತಗ್ಗುತ್ತವೆ. ಆಮೇಲೆ ಉಳಿಯೋದು ಶ್ರೀಗಂಧ, ಜೊತೆಗೆ ಒಂಚೂರು ವೆನಿಲಾ. ಬೆಚ್ಚಗೆ, ಹಾಲಿನ ಕೆನೆಯಷ್ಟು ನುಣ್ಣಗೆ. ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವಷ್ಟು. ಸಂಜೆ ಅಂಗಿ ಬಿಚ್ಚುವಾಗ್ಲೂ ಇರುತ್ತೆ.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಕಿತ್ತಳೆ ಸಿಪ್ಪೆಯ ಪರಿಮಳದ ಅಣುಗಳು ಹಗುರ, ಬೇಗ ಹಾರಿ ಹೋಗ್ತವೆ. ಶ್ರೀಗಂಧದ ಎಣ್ಣೆಯಲ್ಲಿ ಹೆಚ್ಚಿಗೆ ಇರೋ ಸ್ಯಾಂಟಲಾಲ್ ಅಣುಗಳು ಭಾರ. ಮೈಯ ಕಾವಿಗೆ ನಿಧಾನಕ್ಕೆ ಏಳ್ತವೆ. ಅಷ್ಟೇ ಅಲ್ಲ, ಜೊತೆಗಿರೋ ಪರಿಮಳಗಳನ್ನೂ ಅಷ್ಟು ಬೇಗ ಓಡಿಹೋಗದ ಹಾಗೆ ಹಿಡ್ಕೊಳ್ತವೆ. ಕನೌಜಿನ ಅತ್ತರಿನವರು ಇದನ್ನ ತಲೆಮಾರುಗಳಿಂದ ಬಲ್ಲರು. ಗುಲಾಬಿ, ಮಲ್ಲಿಗೆ, ಕೊನೆಗೆ ಒಣಮಣ್ಣನ್ನೂ ಹಂಡೆಯಲ್ಲಿ ಬೇಯಿಸಿ, ಆ ಆವಿಯನ್ನ ಗಂಧದೆಣ್ಣೆಗೆ ಇಳಿಸೋದು ಅವರ ಹಳೇ ಪದ್ಧತಿ. ಮೊದಲ ಮಳೆಯ ವಾಸನೆ ಶೀಶೆಯೊಳಗೆ!

ಅಂದ್ರೆ ಶ್ರೀಗಂಧ ಮನೆಯ ಹಿರಿಯರಿದ್ದ ಹಾಗೆ. ಮಿಕ್ಕವರಿಗೆಲ್ಲ ಮಾತಾಡೋಕೆ ಬಿಟ್ಟು, ಅವರು ಎದ್ದು ಹೋದ್ಮೇಲೆ ದೀಪ ಆರಿಸಿ ಮಲಗೋ ಜೀವ. ಅದಕ್ಕೆ ಹೋಗಿ ಹೋಗಿ 'ಸ್ವಾರ್ಥಿ' ಅಂತ ಹೆಸರಾ? (ಮರದ ಜಾತಕ ತೆಗೆದ್ರೆ ಹೆಸರು ಪೂರ್ತಿ ಸುಳ್ಳೂ ಅಲ್ಲ ಬಿಡಿ. ಗಂಧದ ಮರ ಅರೆ ಪರಾವಲಂಬಿ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಲವಣ ಕುಡಿಯುತ್ತೆ :-) )

ಮೊದಲ ಸಲ ಹಾಕ್ಕೊಂಡು ಹೊರಟಾಗ ಅಮ್ಮ ಕೇಳಿದ್ದು "ಸೆಂಟಾ?" ಅಂತಲ್ಲ. "ಪೂಜೆ ಮಾಡಿದ್ಯೇನೋ?" ಅಂತ.

ಅಪ್ಪ ಇದ್ದಷ್ಟು ದಿನ ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ನಾಕು ಹನಿ ನೀರು ಹಾಕಿ ಗಂಧ ತೇಯ್ತಿದ್ರು. "ಸೆಂಟೆಲ್ಲ ಗಂಡಸ್ರಿಗೆ ಯಾಕೋ" ಅಂತಿದ್ದ ಮನುಷ್ಯನ ಬೆರಳುಗಳು ಮಧ್ಯಾಹ್ನದವರೆಗೂ ಘಮ್ ಅಂತಿದ್ವು. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡ್ತಿದ್ದ ಕೈಯ ವಾಸನೆ ಅದು. ಅವರು ಹೋಗಿ ಮೂರು ವರ್ಷ ಆಯ್ತು. ಅಮ್ಮ ಹಾಗೆ ಕೇಳಿ ಬಾಗಿಲ ಹತ್ರ ಸುಮ್ನೆ ನಿಂತಿದ್ದು ಯಾಕೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಈ ಬಾಟಲಿಯಲ್ಲಿರೋದು ನಮ್ಮ ನಾಡಿನ ಮರದ್ದೇ ಆಗಿರಬೇಕು ಅಂತೇನಿಲ್ಲ. 1792ರಲ್ಲಿ ಟಿಪ್ಪು ಗಂಧವನ್ನ ರಾಜವೃಕ್ಷ ಅಂತ ಘೋಷಿಸಿದ, 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಆದ್ರೆ ಹಿತ್ತಲಲ್ಲಿ ಬೆಳೆದ ಗಂಧದ ಮರ ಹಿತ್ತಲಿನವನದ್ದೇ ಅಂತ ನಮ್ಮ ರಾಜ್ಯದಲ್ಲಿ ಆಗಿದ್ದು 2001ರ ಕಾನೂನು ತಿದ್ದುಪಡಿಯ ನಂತರ. ಅಷ್ಟರಲ್ಲಿ ಕಾಡಿನ ಮರಗಳು ಕಳ್ಳರ ಪಾಲಾಗಿ ಅಪರೂಪ ಆಗಿದ್ವು. ಪರಿಮಳ ಇರೋದು ಒಳಗಿನ ಚೇಗಿನಲ್ಲಿ, ಬೇರಿನಲ್ಲಿ. ಹಾಗಾಗಿ ಮರವನ್ನ ಕಡಿಯೋದಲ್ಲ, ಬುಡಸಮೇತ ಕೀಳ್ತಾರೆ. ಈಗ ಸೆಂಟಿನವರು ಆಸ್ಟ್ರೇಲಿಯಾದ ತೋಟಗಳ ಗಂಧ, ಇಲ್ಲಾ ಜವನಾಲ್ ಥರದ ಪ್ರಯೋಗಾಲಯದ ಅಣುಗಳನ್ನ ಬಳಸ್ತಾರೆ. ಎಲ್ಲಿಯದಾದ್ರೇನು, ಅಮ್ಮನ ಮೂಗು ಗುರುತು ಹಿಡೀತಲ್ಲ!

ಅಪ್ಪನ ಗಂಧದ ಕೊರಡು ಈಗ ಹೆಬ್ಬೆರಳಿಗಿಂತ ಚೂರು ಉದ್ದ ಇದೆ, ಒಂದು ತುದಿ ಓರೆಯಾಗಿ ಸವೆದು ಹೋಗಿದೆ. ಅದನ್ನ ಅಮ್ಮ ಬೆಳ್ಳಿ ಬಟ್ಟಲಲ್ಲಿ ಎತ್ತಿಟ್ಟಿದ್ದಾಳೆ. ಪೂಜೆಗೆ ಅಂಗಡಿಯ ಪುಡಿ. ತೇದ್ರೆ ಮುಗಿದುಹೋಗುತ್ತೆ ಅನ್ನೋದು ಅವಳ ಲೆಕ್ಕ. ತೇಯದಿದ್ರೆ ಅದು ಬರೀ ಕಟ್ಟಿಗೆ ಅನ್ನೋದು ನಂದು. ಕಳೆದ ದೀಪಾವಳಿಗೆ ಸಾಣೆಕಲ್ಲು ತೊಳೆದು ಕೂತೇ ಬಿಟ್ಟೆ. "ಬೇಡ ಕಣೋ" ಅಂತ ಅಡುಗೆ ಮನೆಯಿಂದ ಕೂಗಿದಳು. ಹತ್ತು ಸುತ್ತು ಆಗುವಷ್ಟರಲ್ಲಿ ಕೈ ಒರೆಸ್ಕೊಳ್ತಾ ಬಂದು ಪಕ್ಕದಲ್ಲೇ ಕೂತಳು. ಆಮೇಲೆ ಮೆಲ್ಲಗೆ,

"ಇನ್ನೊಂಚೂರು ತೇಯಿ" ಅಂದಳು.

ನಿಮ್ಮನೆ ಕೊರಡು ಎಷ್ಟು ಉಳಿದಿದೆ? ನೋಡಿ ಹೇಳಿ.