ಮೊದಲ ವಾಹನ

ಸೈಕಲ್ಲನ್ನಲ್ಲದೆ ಬೇರೊಂದನ್ನು ಏರಿ ಅರಿಯದ ತರುಣನೊಬ್ಬನು ಕಲಿಕೆಗೆಂದು ಹತ್ತಿದುದು ತನ್ನ ಅಣ್ಣನ ಹಳೆಯ ರಾಜದೂತ್ 350 ಮೋಟಾರ್‌ಸೈಕಲ್ಲನ್ನು. 1983ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಯಂತ್ರಕ್ಕೆ ಎರಡು ಸಿಲಿಂಡರುಗಳು, ಆರು ಗೇರುಗಳು. ಇದರ ಸ್ವಭಾವವು ವಿಲಕ್ಷಣವಾದುದು. ಮಂದಗತಿಯಲ್ಲಿ ಹಸುವಿನಂತೆ ಸಾಧುವಾಗಿದ್ದು, ಎಂಜಿನ್ನಿನ ಸುತ್ತುಗಳು ಒಂದು ಮೇರೆಯನ್ನು ದಾಟಿದೊಡನೆ ಹಠಾತ್ತನೆ ಮುನ್ನುಗ್ಗುವುದು.

ಊರಾಚೆಯ ಬಯಲಿನಲ್ಲಿ ತರುಣನು ಕ್ಲಚ್ಚನ್ನು ಒಮ್ಮೆಗೇ ಬಿಟ್ಟನು. ವಾಹನವು ಚಿಮ್ಮಿತು, ಮೈ ಹಿಂದಕ್ಕೆ ವಾಲಿತು. ಬಿದ್ದೇನೆಂಬ ಭಯದಿಂದ ಬಲಗೈಯ ಹಿಡಿಯನ್ನು ಬಿಗಿದು ತನ್ನತ್ತ ಜಗ್ಗಿದನು. ವೇಗವನ್ನು ಹೆಚ್ಚಿಸುವುದೂ ಅದೇ ಹಿಡಿಯಷ್ಟೆ! ಹೆದರಿದಷ್ಟೂ ಓಟವು ಬಲಿಯಿತು. ಕುದುರೆಯಾದರೋ ಲಗಾಮನ್ನು ಸೆಳೆದರೆ ನಿಲ್ಲುವುದು. ಅಶ್ವಹೃದಯವನ್ನು ಬಲ್ಲ ನಳನೂ ಇಲ್ಲಿ ಒಮ್ಮೆ ತಬ್ಬಿಬ್ಬಾಗುತ್ತಿದ್ದನೇನೋ. ಕಳ್ಳಿಯ ಬೇಲಿ ಎರಡು ಮಾರು ದೂರವಿರುವಾಗ ಎಡಗೈ ಹೇಗೋ ಕ್ಲಚ್ಚನ್ನು ಅದುಮಿತು, ಕಾಲಿಗೆ ಬ್ರೇಕು ಸಿಕ್ಕಿತು.

ಅಣ್ಣನು ಗದರಲಿಲ್ಲ. ಅವನ ಮುಖವೂ ಬಿಳಿಚಿದ್ದಿತು. “ಮಣಿಕಟ್ಟನ್ನು ತಗ್ಗಿಸಿ ಹಿಡಿ, ಮಗು. ಭಯವಾದರೆ ಮೊದಲು ಎಡಗೈ,” ಎಂದಷ್ಟೇ ನುಡಿದನು. ಅಂದು ಸಂಜೆಯವರೆಗೂ ಮೊದಲ ಗೇರಿನಲ್ಲಿಯೇ, ಕ್ಲಚ್ಚನ್ನು ಅರೆಬರೆ ಬಿಡುತ್ತ, ತರುಣನು ಬಯಲನ್ನು ಸುತ್ತಿದನು. ಅಣ್ಣನು ಪಕ್ಕದಲ್ಲಿ ನಡೆದೇ ಬಂದನು.